ಅವಾರ್ಡ್ ಲೆಟರ್‌ನಲ್ಲಿ ಸಾಲ ಯಾವುದು, ದಾನ ಯಾವುದು?

ನಾನೂ ನಮ್ಮ ಮನೆಯವರೂ ಅಮೆರಿಕಕ್ಕೆ ಬಂದಿದ್ದು ಮಾಸ್ಟರ್ಸ್ ಮಾಡಲು. ಫೀಸು ಎಷ್ಟು, ಅಸಿಸ್ಟೆಂಟ್‌ಶಿಪ್ ಸಿಕ್ಕಿತಾ ಇಲ್ವಾ, ಆಗ ನಮಗೆ ಬೇಕಾಗಿದ್ದ ಲೆಕ್ಕ ಅಷ್ಟೇ. ಹಾಗಾಗಿ ಮಗಳು ಹೈಸ್ಕೂಲಿನ ಕೊನೇ ವರ್ಷಕ್ಕೆ ಬಂದಾಗ, ಇಲ್ಲಿನ ಡಿಗ್ರಿ ಕಾಲೇಜಿನ ದುಡ್ಡಿನ ವ್ಯವಹಾರ ನಮಗೆ ಪೂರ್ತಿ ಹೊಸದು. ಅವಳು ಸೇರಬೇಕಾಗಿದ್ದು 2025ರ ಫಾಲ್ ಸೆಮಿಸ್ಟರ್‌ಗೆ, ಅಂದರೆ ಬೇಸಿಗೆ ರಜೆ ಮುಗಿದ ಮೇಲೆ ಶುರುವಾಗೋದಕ್ಕೆ. 2024ರ ಮಾರ್ಚ್‌ನಲ್ಲಿ ಇವರ ಕೆಲಸ ಹೋಗಿತ್ತು. ಇಬ್ಬರ ಸಂಬಳದಲ್ಲಿ ನಡೆಯುತ್ತಿದ್ದ ಮನೆ ಒಬ್ಬರ ಸಂಬಳದ ಮೇಲೆ ನಿಂತಿತ್ತು. ಹಣದ ನೆರವು ಎಲ್ಲಿ ಎಷ್ಟು ಸಿಗುತ್ತೆ, ಕಾಲೇಜು ಕಳಿಸುವ ನೆರವಿನ ಪತ್ರದಲ್ಲಿ (ಅವಾರ್ಡ್ ಲೆಟರ್) ಏನಿರುತ್ತೆ ಅಂತ ಕೂತು ನೋಡದೆ ಬೇರೆ ದಾರಿಯೇ ಇರಲಿಲ್ಲ.

ಶುರುವಾಗೋದು ಫ್ಯಾಫ್ಸಾ ಅನ್ನೋ ಫಾರ್ಮ್‌ನಿಂದ. ಕೇಂದ್ರ ಸರ್ಕಾರದ ನೆರವು ಬೇಕಾದರೆ ಇದನ್ನು ತುಂಬಲೇಬೇಕು. ರಾಜ್ಯ ಸರ್ಕಾರಗಳು, ಬಹುತೇಕ ಕಾಲೇಜುಗಳು ತಮ್ಮ ನೆರವು ಕೊಡುವಾಗಲೂ ಇದನ್ನೇ ನೋಡುತ್ತವೆ. ಸಾಮಾನ್ಯವಾಗಿ ಅಕ್ಟೋಬರ್ 1ಕ್ಕೆ ತೆರೆಯುತ್ತೆ, ನಮ್ಮ ವರ್ಷ ಎಲ್ಲರಿಗೂ ಸಿಕ್ಕಿದ್ದು ನವೆಂಬರ್‌ನಲ್ಲಿ. ಫಾರ್ಮ್ ತುಂಬಲು ಒಂದು ಪೈಸೆಯೂ ಕೊಡಬೇಕಾಗಿಲ್ಲ. ಹಾಗಿದ್ದೂ ಗೂಗಲ್‌ನಲ್ಲಿ ಹುಡುಕಿದರೆ ದುಡ್ಡು ಕೇಳುವ ಸೈಟುಗಳು ಕಾಣಿಸುತ್ತವೆ. ಸರ್ಕಾರದ ಸ್ಟೂಡೆಂಟ್ ಏಡ್ ಸೈಟ್ ಬಿಟ್ಟು ಬೇರೆ ಕಡೆ ಹೋಗಬೇಡಿ.

ನಮ್ಮ ಪರಿಚಯದವರಲ್ಲಿ ಒಂದು ಮಾತು ಓಡಾಡುತ್ತಿತ್ತು: “ನಾವು ಎಚ್-1ಬಿ ಮೇಲೆ ಇರೋರು, ನಮಗೆ ಫ್ಯಾಫ್ಸಾ ಇಲ್ಲ.” ಎಚ್-1ಬಿ ಅಂದರೆ ಕೆಲಸದ ವೀಸಾ. ಆ ಮಾತು ಅರ್ಧ ಸತ್ಯ. ಅಲ್ಲಿ ನೋಡೋದು ವಿದ್ಯಾರ್ಥಿಯ ಸ್ಟೇಟಸ್, ಅಪ್ಪ ಅಮ್ಮನದಲ್ಲ. ಮಗು ಇಲ್ಲೇ ಹುಟ್ಟಿ ಸಿಟಿಜನ್ ಆಗಿದ್ದರೆ, ಅಥವಾ ಗ್ರೀನ್ ಕಾರ್ಡ್ ಇದ್ದರೆ, ತಂದೆತಾಯಿ ಯಾವ ವೀಸಾದಲ್ಲಿದ್ದರೂ ಅರ್ಜಿ ಹಾಕಬಹುದು. ಮಗುವೇ ಎಚ್-4 (ಎಚ್-1ಬಿಯವರ ಮನೆಮಂದಿಯ ವೀಸಾ) ಮೇಲೆ ಇದ್ದರೆ ಮಾತ್ರ ಕೇಂದ್ರದ ನೆರವು ಇಲ್ಲ. ನಮ್ಮ ಮಗಳು ಇಲ್ಲೇ ಹುಟ್ಟಿದವಳು, ಆದ್ದರಿಂದ ನಮಗೆ ಆ ತೊಡಕು ಬರಲಿಲ್ಲ. ಆದರೆ ಸಿಟಿಜನ್ ಮಗು ಇದ್ದೂ, ಈ ಮಾತು ಕೇಳಿ ಸುಮ್ನೆ ಕೂತ ಒಂದು ಮನೆಯನ್ನಾದರೂ ನಾನು ಕಂಡಿದ್ದೇನೆ.

ಫಾರ್ಮ್‌ನಲ್ಲಿ ವಿದ್ಯಾರ್ಥಿಗೆ ಒಂದು ಅಕೌಂಟು, ಅಪ್ಪ ಅಮ್ಮನಿಗೆ ಬೇರೆ ಅಕೌಂಟು. ನಮ್ಮನ್ನು ಅವರು ‘ಕಾಂಟ್ರಿಬ್ಯೂಟರ್’ ಅಂತಾರೆ. ಆ ಹೆಸರು ಕೇಳಿ, ಸಹಿ ಹಾಕಿದರೆ ಫೀಸಿನ ಹೊಣೆಯೂ ತಲೆ ಮೇಲೆ ಬಂತು ಅಂದುಕೊಳ್ಳಬೇಡಿ. ಮಾಹಿತಿ ಕೊಡುವವರು ಅಂತ ಮಾತ್ರ ಅರ್ಥ. ಗಂಡ ಹೆಂಡತಿ ಜಂಟಿಯಾಗಿ ಟ್ಯಾಕ್ಸ್ ಸಲ್ಲಿಸಿದ್ದರೆ ಇಬ್ಬರಲ್ಲಿ ಒಬ್ಬರು ಸಾಕು. ನಾನೇ ಆದೆ. ನನ್ನ ಹೆಸರು ಸೋಷಿಯಲ್ ಸೆಕ್ಯುರಿಟಿ ಕಾರ್ಡಿನಲ್ಲಿ (ಇಲ್ಲಿನ ಸರ್ಕಾರ ಕೊಡುವ ಗುರುತಿನ ಸಂಖ್ಯೆಯ ಕಾರ್ಡು) ಒಂದು ಥರ ಇದೆ, ಡ್ರೈವಿಂಗ್ ಲೈಸೆನ್ಸಿನಲ್ಲಿ ಇನ್ನೊಂದು ಥರ. ಒಂದರಲ್ಲಿ ಅಪ್ಪನ ಹೆಸರು ಪೂರ್ತಿ, ಇನ್ನೊಂದರಲ್ಲಿ ಬರೀ ಇನಿಷಿಯಲ್. ನಮ್ಮ ಕಡೆಯವರಿಗೆ ಇದು ಹೊಸ ಕಥೆ ಅಲ್ಲ, ಅಲ್ವಾ? ಅಕೌಂಟ್ ತೆರೆಯುವಾಗ ಸೋಷಿಯಲ್ ಸೆಕ್ಯುರಿಟಿ ಕಾರ್ಡಿನಲ್ಲಿ ಹೇಗಿದೆಯೋ ಒಂದು ಅಕ್ಷರವೂ ಬಿಡದೆ ಹಾಗೇ ಹಾಕಬೇಕು. ಅದು ತಾಳೆ ಆಗುವವರೆಗೆ ಮುಂದಿನ ಕೆಲಸ ಸಲೀಸಾಗಿ ನಡೆಯೋದಿಲ್ಲ.

ಆದಾಯದ ಅಂಕಿಗಳನ್ನು ನಾವು ಕೈಯಾರೆ ಬರೆಯಬೇಕಾಗಿಲ್ಲ. ಟ್ಯಾಕ್ಸ್ ಇಲಾಖೆಯಿಂದ ತೆಗೆದುಕೊಳ್ಳಲು ಒಪ್ಪಿಗೆ ಕೊಟ್ಟರೆ ತಾನಾಗೇ ಬರುತ್ತವೆ. ಒಪ್ಪಿಗೆ ಕೊಡದಿದ್ದರೆ ಕೇಂದ್ರದ ನೆರವೇ ಇಲ್ಲ. ನಮಗೆ ಕಷ್ಟ ಆಗಿದ್ದು ಬೇರೆ ವಿಷಯಕ್ಕೆ. ಅವರು ನೋಡೋದು ಎರಡು ವರ್ಷ ಹಿಂದಿನ ಆದಾಯ. 2025-26ರ ಫಾರ್ಮ್‌ಗೆ 2023ರ ಟ್ಯಾಕ್ಸ್ ರಿಟರ್ನ್. 2023ರಲ್ಲಿ ನಮ್ಮಿಬ್ಬರಿಗೂ ಕೆಲಸ ಇತ್ತು, ಸಂಬಳ ಚೆನ್ನಾಗಿಯೇ ಇತ್ತು. ಕಾಗದದ ಮೇಲೆ ನಾವು ಸ್ಥಿತಿವಂತರು. ಬ್ಯಾಂಕಿನಲ್ಲಿ ನೋಡಿದರೆ ಬೇರೆಯೇ ಚಿತ್ರ.

ಆಸ್ತಿಯ ಪ್ರಶ್ನೆ ಬಂದಾಗ ಊಟದ ಮೇಜಿನ ಮೇಲೆ ಸ್ವಲ್ಪ ಚರ್ಚೆ ಆಯಿತು. ಸೇವಿಂಗ್ಸ್, ಷೇರು, ಮ್ಯೂಚುವಲ್ ಫಂಡ್ ಎಲ್ಲ ಹೇಳಬೇಕು. ನಾವು ವಾಸ ಮಾಡುವ ಮನೆ ಬೇಡ. 401ಕೆ ಥರದ ನಿವೃತ್ತಿ ಖಾತೆಗಳೂ ಬೇಡ. ಆದರೆ ವಾಸದ ಮನೆ ಬಿಟ್ಟು ಬೇರೆ ಜಾಗ ಇದ್ದರೆ ಅದು ಹೂಡಿಕೆ ಅಂತಲೇ ಲೆಕ್ಕ.

“ಮೈಸೂರಿನ ಸೈಟೂ ಹೇಳ್ಬೇಕಾ?” ಅಂತ ಇವರು ಕೇಳಿದರು.

“ಹೌದು ರೀ. ಯಾವ ದೇಶದಲ್ಲಿದೆ ಅಂತ ಅವರು ಕೇಳ್ತಿಲ್ಲ, ಇದೆಯಾ ಅಂತ ಕೇಳ್ತಿದ್ದಾರೆ.”

“ಅಲ್ಲಿ ಹುಲ್ಲು ಬೆಳೀತಿದೆ ಕಣೇ, ಅಷ್ಟೇ.”

ಹುಲ್ಲು ಬೆಳೆದರೂ ಬೆಲೆ ಇದೆಯಲ್ಲ. ಇವತ್ತು ಮಾರಿದರೆ ಎಷ್ಟು ಬರುತ್ತೆ, ಅದರ ಮೇಲೆ ಸಾಲ ಇದ್ದರೆ ಅದನ್ನು ಕಳೆದು, ಅವತ್ತಿನ ರೇಟಿನಲ್ಲಿ ಡಾಲರ್‌ಗೆ ತಿರುಗಿಸಿ ಹಾಕಿದೆವು. ಸುಳ್ಳು ಹೇಳಿದರೆ 20,000 ಡಾಲರ್‌ವರೆಗೆ ದಂಡ, ಜೈಲು, ಅಥವಾ ಎರಡೂ ಅಂತ ಸಹಿ ಹಾಕುವ ಜಾಗದಲ್ಲೇ ಬರೆದಿದೆ. ಹೆದರಬೇಕಾದಷ್ಟು ಪೆಟ್ಟೇನೂ ಬೀಳೋದಿಲ್ಲ. ತಂದೆತಾಯಿಯ ಆಸ್ತಿಯಲ್ಲಿ ಜಾಸ್ತಿ ಅಂದರೆ 5.64 ಪರ್ಸೆಂಟ್ ಮಾತ್ರ ಲೆಕ್ಕಕ್ಕೆ ಬರುತ್ತೆ. ಮಕ್ಕಳ ಹೆಸರಿನಲ್ಲಿರುವ ದುಡ್ಡಾದರೆ 20 ಪರ್ಸೆಂಟ್. ಅಜ್ಜಿ ತಾತ ಪ್ರೀತಿಯಿಂದ ಕೊಟ್ಟದ್ದನ್ನು ಮಗುವಿನ ಹೆಸರಿನ ಖಾತೆಗೆ ಹಾಕುತ್ತಾ ಬಂದವರು ಈ ವ್ಯತ್ಯಾಸ ಗಮನಿಸಬೇಕು. ಅದೇ ದುಡ್ಡು 529 ಪ್ಲಾನ್ ಅನ್ನೋ ಓದಿನ ಉಳಿತಾಯ ಖಾತೆಯಲ್ಲಿದ್ದರೆ ತಂದೆತಾಯಿಯ ಲೆಕ್ಕಕ್ಕೆ ಹೋಗುತ್ತೆ.

ಕೆಲವು ಖಾಸಗಿ ಕಾಲೇಜುಗಳಿಗೆ ಇಷ್ಟು ಸಾಲದು. ಅವರಿಗೆ ಸಿಎಸ್‌ಎಸ್ ಪ್ರೊಫೈಲ್ ಅನ್ನೋ ಇನ್ನೊಂದು ಫಾರ್ಮ್ ಬೇಕು, ಕಾಲೇಜ್ ಬೋರ್ಡ್ ಅನ್ನೋ ಸಂಸ್ಥೆ ನಡೆಸುವಂಥದ್ದು. ಇದಕ್ಕೆ ಫೀಸಿದೆ, ಮೊದಲ ಕಾಲೇಜಿಗೆ 25 ಡಾಲರ್, ಮುಂದಿನ ಪ್ರತಿ ಕಾಲೇಜಿಗೆ 16. ಆದಾಯ ಕಮ್ಮಿ ಇದ್ದವರಿಗೆ ಮಾಫಿ. ವಾಸದ ಮನೆಯ ಬೆಲೆಯನ್ನೂ ಅದರಲ್ಲಿ ಕೇಳ್ತಾರೆ. ಎಲ್ಲವನ್ನೂ ಕೆದಕಿ ಕೇಳುವ ಫಾರ್ಮ್. ಆದರೆ ಒಂದು ಒಳ್ಳೆಯದಿದೆ, “ನಿಮ್ಮ ಪರಿಸ್ಥಿತಿ ಬದಲಾಗಿದೆಯಾ?” ಅಂತ ಬರೆಯಲು ಅದರಲ್ಲಿ ಜಾಗ ಕೊಡುತ್ತಾರೆ. ಇವರ ಕೆಲಸ ಹೋದ ವಿಷಯ ನಾವು ಮೊದಲು ಬರೆದಿದ್ದು ಅಲ್ಲೇ.

ಫ್ಯಾಫ್ಸಾ ಕಳಿಸಿದ ಮೇಲೆ, ನಮ್ಮ ಆದಾಯ ಆಸ್ತಿ ನೋಡಿ ಲೆಕ್ಕ ಹಾಕಿದ ಒಂದು ಸಂಖ್ಯೆ ಬರುತ್ತೆ. ಅದರ ಹೆಸರು ಎಸ್‌ಎಐ, ಅಂದರೆ ಸ್ಟೂಡೆಂಟ್ ಏಡ್ ಇಂಡೆಕ್ಸ್. 2024-25ಕ್ಕೆ ಮೊದಲು ಇದರ ಜಾಗದಲ್ಲಿ ಇಎಫ್‌ಸಿ (ಮನೆಯವರಿಂದ ನಿರೀಕ್ಷಿಸುವ ಪಾಲು) ಇತ್ತು. ಹಳೇ ಲೇಖನ ಓದಿದರೆ ಆ ಹೆಸರೇ ಸಿಗೋದು. ಎಸ್‌ಎಐ −1500ರವರೆಗೆ ಇಳಿಯಬಹುದು. ಚಿಕ್ಕದಾದಷ್ಟೂ ನೆರವು ಜಾಸ್ತಿ. ನಮಗೆ ಬಂದಿದ್ದು ಹತ್ತಿರ ಹತ್ತಿರ 41,000. ಇದು ನೀವು ಕಟ್ಟಬೇಕಾದ ಮೊತ್ತ ಅಲ್ಲ. ಕಾಲೇಜಿನವರು ತಮ್ಮಲ್ಲಿ ಒಂದು ವರ್ಷ ಓದುವ ಒಟ್ಟು ಖರ್ಚಿನಿಂದ ಇದನ್ನು ಕಳೆಯುತ್ತಾರೆ, ಉಳಿದಿದ್ದು ನಿಮ್ಮ ‘ನೀಡ್’. ಆ ನೀಡ್ ಪೂರ್ತಿ ತುಂಬಿಕೊಡ್ತೀವಿ ಅನ್ನೋ ಕಾಲೇಜುಗಳು ಬಹಳ ಕಮ್ಮಿ. ಕೇಂದ್ರ ಸರ್ಕಾರ ಕೊಡುವ ಪೆಲ್ ಗ್ರಾಂಟ್ ಅನ್ನೋ ಸಹಾಯಧನ ಕಡಿಮೆ ಆದಾಯದ ಮನೆಗಳಿಗೆ, ಆ ವರ್ಷ ಗರಿಷ್ಠ 7,395 ಡಾಲರ್. ಸಾಮಾನ್ಯವಾಗಿ ಅದನ್ನು ವಾಪಸ್ ಕೊಡಬೇಕಾಗಿಲ್ಲ. ನಮ್ಮ ಸಂಖ್ಯೆಗೆ ಅದು ದೂರದ ಮಾತು. ಇನ್ನೊಂದು ವಿಷಯ: ಮೊದಲು ಒಂದೇ ಮನೆಯ ಇಬ್ಬರು ಮಕ್ಕಳು ಒಟ್ಟಿಗೆ ಕಾಲೇಜಿನಲ್ಲಿದ್ದರೆ ಲೆಕ್ಕದಲ್ಲಿ ರಿಯಾಯಿತಿ ಸಿಗ್ತಿತ್ತು. ಹೊಸ ಸೂತ್ರದಲ್ಲಿ ಅದನ್ನು ತೆಗೆದಿದ್ದಾರೆ. ಅವಳಿ ಮಕ್ಕಳಿರುವ ಮನೆಯವರ ಪಾಡು ನೆನೆಸಿಕೊಂಡೆ.

ಮಾರ್ಚ್ ಏಪ್ರಿಲ್‌ನಲ್ಲಿ ಕಾಲೇಜುಗಳಿಂದ ಪತ್ರಗಳು ಬಂದವು. ಅದಕ್ಕೆ ಅವಾರ್ಡ್ ಲೆಟರ್ ಅನ್ನುತ್ತಾರೆ, ಈಗೀಗ ಏಡ್ ಆಫರ್ ಅನ್ನೋದೂ ಉಂಟು. ಈ ಇಡೀ ವ್ಯವಹಾರದಲ್ಲಿ ಅತಿ ಹೆಚ್ಚು ಹುಷಾರಾಗಿ ಓದಬೇಕಾದ ಕಾಗದ ಇದೇ. ಯಾಕೆ ಅಂದರೆ ಬಿಟ್ಟಿ ಕೊಡೋದು, ಸಾಲ ಕೊಡೋದು, ದುಡಿದರೆ ಮಾತ್ರ ಕೊಡೋದು, ಮೂರನ್ನೂ ಒಂದೇ ಪಟ್ಟಿಯಲ್ಲಿ ಹಾಕಿ ಕೂಡಿಸಿ ತೋರಿಸುತ್ತಾರೆ. ಅಮೆರಿಕ ಸಂಸತ್ತಿನ ಲೆಕ್ಕ ತಪಾಸಣಾ ಸಂಸ್ಥೆ ಜಿಎಒ 2022ರಲ್ಲಿ ಇದನ್ನೇ ಪರೀಕ್ಷೆ ಮಾಡಿತ್ತು. ಸುಮಾರು 91 ಪರ್ಸೆಂಟ್ ಕಾಲೇಜುಗಳು ನಿಜವಾಗಿ ಕಟ್ಟಬೇಕಾದ ಮೊತ್ತವನ್ನು ತೋರಿಸುವುದೇ ಇಲ್ಲ, ಇಲ್ಲವೇ ಕಡಿಮೆ ಮಾಡಿ ತೋರಿಸುತ್ತವೆ ಅಂತ ಅದರ ಅಂದಾಜು.

ನಮ್ಮ ಕೈಯಲ್ಲಿದ್ದ ಎರಡು ಪತ್ರಗಳನ್ನು ಹೇಳ್ತೀನಿ, ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿ. ಒಂದು ಖಾಸಗಿ ಕಾಲೇಜು. ವರ್ಷದ ಒಟ್ಟು ಖರ್ಚು 88,000 ಡಾಲರ್. ಕೆಳಗೆ ದಪ್ಪ ಅಕ್ಷರದಲ್ಲಿ ಒಟ್ಟು ಅವಾರ್ಡ್ 61,000. ಉಳಿದದ್ದು 27,000. ಇನ್ನೊಂದು ನಮ್ಮ ರಾಜ್ಯದ್ದೇ ಸರ್ಕಾರಿ ಯೂನಿವರ್ಸಿಟಿ. ಖರ್ಚು 34,000, ಅವಾರ್ಡ್ 11,500, ಉಳಿದದ್ದು 22,500. ಮಗಳ ಮುಖ ಅರಳಿತು. “ಅಮ್ಮಾ, ಡಿಫರೆನ್ಸ್ ಬರೀ ನಾಲ್ಕೂವರೆ ಸಾವಿರ! ಸಮ್ಮರ್‌ನಲ್ಲಿ ನಾನೇ ದುಡೀತೀನಿ.”

ಒಂದು ಹಾಳೆ ತಗೊಂಡು ನಡುವೆ ಗೆರೆ ಎಳೆದೆ. ಎಡಗಡೆ ವಾಪಸ್ ಕೊಡಬೇಕಾಗಿಲ್ಲದ್ದು, ಬಲಗಡೆ ಉಳಿದ ಎಲ್ಲಾ. ಖಾಸಗಿ ಕಾಲೇಜಿನ 61,000ದಲ್ಲಿ ಎಡಗಡೆಗೆ ಬಂದಿದ್ದು 38,000ದ ಗ್ರಾಂಟ್ ಮಾತ್ರ. ಬಲಗಡೆಗೆ ಮಗಳ ಹೆಸರಿನ ಸಾಲ 5,500, ವರ್ಕ್-ಸ್ಟಡಿ (ದುಡಿದರೆ ಮಾತ್ರ ಸಿಗೋದು) 3,000, ಇನ್ನು 14,500 ಪೇರೆಂಟ್ ಪ್ಲಸ್. ಆ ಕೊನೇದು ನಮ್ಮ ಹೆಸರಿನಲ್ಲಿ ಆಗುವ ಸಾಲ! ನಾವು ಕೇಳಿರಲೇ ಇಲ್ಲ, ಅವರೇ ಸೇರಿಸಿ ಅದಕ್ಕೆ ಅವಾರ್ಡ್ ಅಂದಿದ್ದರು. ಸರ್ಕಾರಿ ಯೂನಿವರ್ಸಿಟಿಯ 11,500ದಲ್ಲಿ 6,000 ಮೆರಿಟ್ ಸ್ಕಾಲರ್‌ಶಿಪ್ ಎಡಗಡೆಗೆ, 5,500 ಸಾಲ ಬಲಗಡೆಗೆ. ಈಗ ಒಟ್ಟು ಖರ್ಚಿನಿಂದ ಎಡಗಡೆಯದನ್ನು ಮಾತ್ರ ಕಳೆಯಿರಿ. ಒಂದು ಕಡೆ 50,000, ಇನ್ನೊಂದು ಕಡೆ 28,000. ಇದಕ್ಕೆ ನೆಟ್ ಪ್ರೈಸ್ ಅನ್ನೋದು. ವ್ಯತ್ಯಾಸ ವರ್ಷಕ್ಕೆ 22,000. ನಾಲ್ಕು ವರ್ಷಕ್ಕೆ ಗುಣಿಸಿದಾಗ ಮಗಳು ಏನೂ ಮಾತಾಡಲಿಲ್ಲ. ಹಾಳೆಯನ್ನು ತಾನೇ ಎತ್ತಿಕೊಂಡು ರೂಮಿಗೆ ಹೋದಳು.

ಸಾಲದಲ್ಲೂ ಜಾತಿಗಳಿವೆ. ಮೊದಲ ವರ್ಷದ ವಿದ್ಯಾರ್ಥಿಗೆ ಕೇಂದ್ರ ಸರ್ಕಾರದ ಸಾಲ ಜಾಸ್ತಿ ಅಂದರೆ 5,500, ಅದರಲ್ಲಿ ಹೆಚ್ಚೆಂದರೆ 3,500 ಸಬ್ಸಿಡೈಜ್ಡ್. ಓದುವಷ್ಟು ದಿನ ಅದರ ಬಡ್ಡಿ ಸರ್ಕಾರದ ತಲೆ ಮೇಲೆ. ಅನ್‌ಸಬ್ಸಿಡೈಜ್ಡ್ ಆದರೆ ದುಡ್ಡು ಕೈಗೆ ಬಂದ ದಿನದಿಂದಲೇ ಬಡ್ಡಿ ಶುರು. 2025-26ಕ್ಕೆ ಬಡ್ಡಿ 6.39 ಪರ್ಸೆಂಟ್. ಪೇರೆಂಟ್ ಪ್ಲಸ್ ಸಾಲಕ್ಕೆ 8.94, ಜೊತೆಗೆ ಕೊಡುವಾಗಲೇ 4.228 ಪರ್ಸೆಂಟ್ ಫೀಸು ಹಿಡಿದುಕೊಳ್ಳುತ್ತಾರೆ. ಕಾರು ಸಾಲ ಇದಕ್ಕಿಂತ ವಾಸಿ ಅನ್ನಿಸಿದರೆ ಆಶ್ಚರ್ಯ ಇಲ್ಲ. 2026ರ ಜುಲೈ 1ರಿಂದ ಹೊಸದಾಗಿ ಪ್ಲಸ್ ಸಾಲ ತೆಗೆಯುವವರಿಗೆ ಒಂದು ಮಗುವಿಗೆ ವರ್ಷಕ್ಕೆ 20,000, ಒಟ್ಟು 65,000 ಅನ್ನೋ ಮಿತಿ ಬಂದಿದೆ. ಮೊದಲು ಬೇರೆ ನೆರವು ಕಳೆದು ಉಳಿದ ಖರ್ಚಿನ ಪೂರ್ತಿ ಮೊತ್ತಕ್ಕೂ ಸಿಗ್ತಿತ್ತು.

ವರ್ಕ್-ಸ್ಟಡಿ ಬಿಲ್ಲಿನಿಂದ ಕಳೆಯೋ ದುಡ್ಡಲ್ಲ. ಕ್ಯಾಂಪಸ್‌ನಲ್ಲಿ ಕೆಲಸ ಹುಡುಕಿ, ಗಂಟೆ ಲೆಕ್ಕದಲ್ಲಿ ದುಡಿದರೆ ಸಂಬಳವಾಗಿ ಬರುತ್ತೆ. ಕೆಲಸ ಸಿಗದಿದ್ದರೆ ಆ 3,000 ಬರೀ ಕಾಗದದ ಮೇಲೆ.

ಇಷ್ಟಾದ ಮೇಲೆ ನಾವು ಎರಡೂ ಕಾಲೇಜುಗಳ ಫೈನಾನ್ಷಿಯಲ್ ಏಡ್ ಆಫೀಸಿಗೆ ಅಪೀಲು ಹಾಕಿದೆವು. ಇದು ಚೌಕಾಸಿ ಅಂತ ಕೆಲವರು ಮುಜುಗರ ಪಡ್ತಾರೆ. ನನಗೆ ಹಾಗನ್ನಿಸೋದಿಲ್ಲ. ಕೆಲಸ ಹೋದರೆ, ಮನೆಯಲ್ಲಿ ಸಾವಾದರೆ, ಆಸ್ಪತ್ರೆ ಖರ್ಚು ಬಂದರೆ ಫಾರ್ಮ್‌ನ ಅಂಕಿಗಳನ್ನು ತಿದ್ದುವ ಅಧಿಕಾರ ಆ ಆಫೀಸಿನವರಿಗೆ ಕಾನೂನಿನಲ್ಲೇ ಇದೆ. ಅದಕ್ಕೆ ಪ್ರೊಫೆಷನಲ್ ಜಡ್ಜ್‌ಮೆಂಟ್ ಅನ್ನುತ್ತಾರೆ. ನಾವು ಕಳಿಸಿದ್ದು ಒಂದು ಪುಟದ ಪತ್ರ. ಕೆಲಸ ಹೋದ ದಿನಾಂಕ, 2023ರಲ್ಲಿ ಎಷ್ಟು ಬರ್ತಿತ್ತು, ಈಗ ಎಷ್ಟು, ಅಷ್ಟೇ. ಜೊತೆಗೆ ಕಂಪನಿಯ ಟರ್ಮಿನೇಷನ್ ಲೆಟರ್, ನಿರುದ್ಯೋಗ ಭತ್ಯೆಯ ಕಾಗದ, 2024ರ ಟ್ಯಾಕ್ಸ್ ರಿಟರ್ನ್. ಇವರು ಮೊದಲು ಬರೆದ ಕರಡಿನಲ್ಲಿ ಕಷ್ಟದ ಕಥೆಯೇ ಜಾಸ್ತಿ ಇತ್ತು. ಅದನ್ನೆಲ್ಲ ತೆಗೆದೆವು. ಅಲ್ಲಿ ಕೂತವರಿಗೆ ಬೇಕಾಗಿದ್ದು ಫೈಲಿನಲ್ಲಿ ಹಾಕಲು ಆಗುವ ಪುರಾವೆ.

ಖಾಸಗಿ ಕಾಲೇಜಿನವರು 5,000 ಏರಿಸಿದರು. ಸರ್ಕಾರಿ ಯೂನಿವರ್ಸಿಟಿಯವರು 2,000ದ ಗ್ರಾಂಟ್ ಸೇರಿಸಿದರು. ಅಲ್ಲಿ ಇನ್ನೊಂದು ಲಾಭವೂ ಆಯಿತು. ಮೊದಲು ನಮ್ಮ ಎಸ್‌ಎಐ ಅವರ ಒಟ್ಟು ಖರ್ಚಿಗಿಂತ ಜಾಸ್ತಿ ಇದ್ದಿದ್ದರಿಂದ ನೀಡ್ ಸೊನ್ನೆ, ಸಾಲ ಪೂರ್ತಿ ಅನ್‌ಸಬ್ಸಿಡೈಜ್ಡ್. ಸಂಖ್ಯೆ ಇಳಿದ ಮೇಲೆ 3,500 ಸಬ್ಸಿಡೈಜ್ಡ್ ಆಯಿತು. ಮಗಳು ಸರ್ಕಾರಿ ಯೂನಿವರ್ಸಿಟಿಗೆ ಮೇ 1ರೊಳಗೆ ಡಿಪಾಸಿಟ್ ಕಟ್ಟಿದಳು. ಬೇಜಾರು ಇತ್ತು, ಇಲ್ಲ ಅಂತ ಹೇಳಲ್ಲ.

ಬೇಸಿಗೆಯ ಓರಿಯೆಂಟೇಷನ್‌ನಲ್ಲಿ ಇನ್ನೊಂದು ರಾಶಿ ಪದಗಳು ಬಂದು ಬಿದ್ದವು. ರಿಜಿಸ್ಟ್ರಾರ್ ಆಫೀಸು ಕೋರ್ಸು, ಮಾರ್ಕ್ಸ್ ದಾಖಲೆಗೆ. ಬರ್ಸರ್ ಆಫೀಸು ದುಡ್ಡು ಕಟ್ಟೋಕೆ. ಬಾಕಿ ಉಳಿದರೆ ಖಾತೆಗೆ ‘ಹೋಲ್ಡ್’ ಹಾಕ್ತಾರೆ, ಆಮೇಲೆ ಮುಂದಿನ ಸೆಮಿಸ್ಟರಿಗೆ ಕೋರ್ಸು ತಗೊಳ್ಳೋಕೆ ಬಿಡಲ್ಲ. ಇವು ಸುಲಭ. ದುಡ್ಡಿಗೆ ಅಂಟಿಕೊಂಡಿರುವ ಪದಗಳ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕು.

ಕ್ರೆಡಿಟ್ ಅನ್ನೋದು ಕೋರ್ಸಿನ ತೂಕ. ಸಾಮಾನ್ಯ ಕೋರ್ಸಿಗೆ 3. ಸೆಮಿಸ್ಟರಿಗೆ 12 ಕ್ರೆಡಿಟ್ ಇದ್ದರೆ ಫುಲ್-ಟೈಮ್, ನೆರವಿಗೂ ಅಷ್ಟು ಸಾಕು. ಆದರೆ ಡಿಗ್ರಿಗೆ ಬೇಕಾಗೋದು ಸಾಮಾನ್ಯವಾಗಿ 120. ಹನ್ನೆರಡರಂತೆ ಎಂಟು ಸೆಮಿಸ್ಟರ್ ಓದಿದರೆ 96 ಮಾತ್ರ ಆಗುತ್ತೆ. ನಾಲ್ಕು ವರ್ಷಕ್ಕೆ ಮುಗಿಸಬೇಕು ಅಂದರೆ 15ರಂತೆ ತಗೋಬೇಕು. ಐದನೇ ವರ್ಷದ ಖರ್ಚು ಯಾವ ಅವಾರ್ಡ್ ಲೆಟರ್‌ನಲ್ಲೂ ಇರಲ್ಲ.

ಸೆಮಿಸ್ಟರ್ ಶುರುವಿನ ಕೆಲವು ದಿನ ಆಡ್-ಡ್ರಾಪ್, ಅಂದರೆ ಕೋರ್ಸು ಸೇರಿಸುವ, ಬಿಡುವ ಅವಧಿ. ಆಗ ಕೋರ್ಸು ಬಿಟ್ಟರೆ ದಾಖಲೆಯಲ್ಲಿ ಗುರುತೂ ಉಳಿಯಲ್ಲ. ಆ ಗಡುವು ದಾಟಿ ಬಿಟ್ಟರೆ ದಾಖಲೆಯಲ್ಲಿ ‘ಡಬ್ಲ್ಯೂ’ (ವಿತ್‌ಡ್ರಾ, ನಡುವೆ ಬಿಟ್ಟಿದ್ದು) ಬೀಳುತ್ತೆ. ಅದು ಜಿಪಿಎ (ಗ್ರೇಡುಗಳ ಸರಾಸರಿ) ಇಳಿಸಲ್ಲ, ಆದರೆ ಸ್ಯಾಪ್ ಅನ್ನೋ ಲೆಕ್ಕಕ್ಕೆ ಪೆಟ್ಟು ಕೊಡುತ್ತೆ. ಸ್ಯಾಪ್ ಅಂದರೆ ಓದು ಸರಿಯಾಗಿ ಮುಂದೆ ಸಾಗ್ತಿದೆಯಾ ಅಂತ ನೋಡುವ ಅಳತೆ. ಬಹಳಷ್ಟು ಕಡೆ ಜಿಪಿಎ 2.0 ಇರಬೇಕು, ತಗೊಂಡ ಕ್ರೆಡಿಟ್‌ಗಳಲ್ಲಿ 67 ಪರ್ಸೆಂಟ್ ಪಾಸಾಗಿರಬೇಕು. ತಪ್ಪಿದರೆ ನೆರವು ನಿಲ್ಲುತ್ತೆ. ಮೆರಿಟ್ ಸ್ಕಾಲರ್‌ಶಿಪ್‌ಗೆ ಷರತ್ತು ಇನ್ನೂ ಬಿಗಿ. ನಮ್ಮ 6,000ಕ್ಕೆ ಜಿಪಿಎ 3.25 ಉಳಿಸಿಕೊಳ್ಳಬೇಕು, ಅದು ಪತ್ರದ ಎರಡನೇ ಪುಟದ ಕೊನೇ ಸಾಲಿನಲ್ಲಿತ್ತು. ಇನ್ನು ಇಡೀ ಸೆಮಿಸ್ಟರನ್ನೇ ಶೇಕಡಾ 60 ಮುಗಿಯುವ ಮೊದಲು ಬಿಟ್ಟು ಬಂದರೆ, ಕೇಂದ್ರದ ನೆರವಿನಲ್ಲಿ ಒಂದು ಪಾಲು ವಾಪಸ್ ಹೋಗುತ್ತೆ, ಬಿಲ್ಲು ನಮ್ಮ ತಲೆಗೆ ಬರುತ್ತೆ.

ಫೆರ್ಪಾ ಅಂತ 1974ರ ಒಂದು ಕಾನೂನಿದೆ. ಮಗು ಕಾಲೇಜಿಗೆ ಸೇರಿತು ಅಂದರೆ ಓದಿನ ದಾಖಲೆಯ ಹಕ್ಕು ಮಗುವಿನದೇ. ಫೀಸು ನಾವೇ ಕಟ್ಟುತ್ತಿದ್ದರೂ, ಫೋನ್ ಮಾಡಿ ಮಾರ್ಕ್ಸ್ ಕೇಳಿದರೆ ಹೇಳಲ್ಲ. ಮಗಳು ತನ್ನ ಪೋರ್ಟಲ್‌ನಲ್ಲಿ ನಮಗೆ ಅನುಮತಿ ಕೊಡಬೇಕು. ಕೊಟ್ಟಳು, ಬಿಲ್ಲಿಗೆ ಮಾತ್ರ ಟಿಕ್ ಹಾಕಿ.

“ಮಾರ್ಕ್ಸ್?”

“ಅದು ನಾನೇ ಹೇಳ್ತೀನಿ ಅಮ್ಮಾ, ಹೇಳ್ಬೇಕು ಅನ್ನಿಸಿದಾಗ.”

ಆಗಸ್ಟ್ ಮೊದಲ ವಾರ ಬಂದ ಬಿಲ್ಲಿನಲ್ಲಿ ನಾವು ಲೆಕ್ಕ ಹಾಕಿದ್ದಕ್ಕಿಂತ ಎರಡು ಸಾವಿರ ಚಿಲ್ಲರೆ ಜಾಸ್ತಿ ಇತ್ತು. ಸಾಲು ಸಾಲಾಗಿ ನೋಡಿದಾಗ ಸಿಕ್ಕಿದ್ದು ವಿದ್ಯಾರ್ಥಿ ಆರೋಗ್ಯ ವಿಮೆ. ಬಹಳ ಕಾಲೇಜುಗಳಲ್ಲಿ ಇದು ತಾನಾಗೇ ಸೇರಿಕೊಳ್ಳುತ್ತೆ. ಮಗು ನಮ್ಮ ಆಫೀಸಿನ ವಿಮೆಯಲ್ಲೇ ಇದ್ದರೆ ವೇವರ್ ಫಾರ್ಮ್ ತುಂಬಿ ತೆಗೆಸಬೇಕು, ಅದೂ ಪ್ರತಿ ವರ್ಷ, ಗಡುವಿನೊಳಗೆ. ವಿಮೆ ಕಾರ್ಡಿನ ಎರಡೂ ಬದಿಯ ಫೋಟೋ ಹಾಕಿದೆವು, ಕೆಲವೇ ದಿನದಲ್ಲಿ ಆ ಸಾಲು ಹೋಯಿತು. ಸಾಲದ ದುಡ್ಡು ಬರಬೇಕಾದರೆ ಮಗಳು ಎಂಟ್ರೆನ್ಸ್ ಕೌನ್ಸೆಲಿಂಗ್ (ಸಾಲದ ಬಗ್ಗೆ ತಿಳಿಸುವ ಪಾಠ) ಮುಗಿಸಿ, ಪ್ರಾಮಿಸರಿ ನೋಟಿಗೆ (ಸಾಲ ತೀರಿಸ್ತೀನಿ ಅನ್ನೋ ಪತ್ರ) ಸಹಿ ಹಾಕಬೇಕಿತ್ತು. ಅವಳು 3,500 ಸಬ್ಸಿಡೈಜ್ಡ್ ಮಾತ್ರ ತಗೊಂಡಳು. ಕೊಟ್ಟಿದ್ದೆಲ್ಲ ತಗೋಬೇಕು ಅಂತ ನಿಯಮ ಇಲ್ಲ, ಪೋರ್ಟಲ್‌ನಲ್ಲಿ ಒಂದೊಂದಕ್ಕೂ ಬೇರೆ ಬೇರೆಯಾಗಿ ಬೇಡ ಅನ್ನಬಹುದು. ಉಳಿದದ್ದಕ್ಕೆ ಯೂನಿವರ್ಸಿಟಿಯ ಪೇಮೆಂಟ್ ಪ್ಲಾನ್ ತಗೊಂಡು ತಿಂಗಳ ಕಂತು ಮಾಡಿಕೊಂಡೆವು. ಸಣ್ಣ ಸೇರ್ಪಡೆ ಫೀಸು ಬಿಟ್ಟರೆ ಬಡ್ಡಿ ಇಲ್ಲ.

ಫ್ಯಾಫ್ಸಾ ಒಂದು ಸಲಕ್ಕೆ ಮುಗಿಯೋದಿಲ್ಲ, ಪ್ರತಿ ವರ್ಷ ತುಂಬಬೇಕು. 2026-27ರದ್ದು ಸೆಪ್ಟೆಂಬರ್ ಕೊನೆಯಲ್ಲೇ ತೆರೆಯಿತು, ತುಂಬಿ ಕಳಿಸಿದ್ದೂ ಆಯಿತು. ಈ ಸಲ ನೋಡೋದು 2024ರ ಆದಾಯ, ಇವರಿಗೆ ಕೆಲಸ ಇಲ್ಲದಿದ್ದ ವರ್ಷದ್ದು. ಹಾಗಾಗಿ ಅಪೀಲು ಇಲ್ಲದೆಯೇ ಸಂಖ್ಯೆ ಇಳಿದಿದೆ. ಇವರಿಗೆ ಈಗ ಕೆಲಸ ಸಿಕ್ಕಿದೆ. ಆ ಸಂಬಳ ಲೆಕ್ಕಕ್ಕೆ ಬರೋದು ಮಗಳ ಮೂರನೇ ವರ್ಷದಿಂದ, ಅದಕ್ಕೆ ಈಗಿನಿಂದಲೇ ತಿಂಗಳಿಗಿಷ್ಟು ಅಂತ ತೆಗೆದಿಡುತ್ತಿದ್ದೇವೆ. ಮೈಸೂರಿನ ಸೈಟು ಈ ಸಲವೂ ಫಾರ್ಮ್‌ನಲ್ಲಿದೆ.